ಬಗ್ಗಿದ ಬೆನ್ನು ಯಾವ ಸಂಸ್ಕೃತಿ?

ಎರಡು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಹೈಸ್ಕೂಲು ಮೇಷ್ಟ್ರುಗಳಿಗೆ ಮೂರು ದಿನದ ತರಬೇತಿ ನಡೆಯಿತು. ಅದರಲ್ಲಿ ಒಂದು ಗಂಟೆ 'ಬಾಡಿ ಲಾಂಗ್ವೇಜ್' ಎಂಬ ವಿಷಯಕ್ಕೆ. ಪಾಠ ಹೇಳಲು ಬಂದವರು ಒಳ್ಳೆಯ ಮಾತುಗಾರರು. ನಮಗೆಲ್ಲ ಒಂದೊಂದು ಜೆರಾಕ್ಸ್ ಹಾಳೆ ಹಂಚಿದರು. ಬಲ್ಗೇರಿಯಾದವರು ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ 'ಇಲ್ಲ' ಎಂದರ್ಥ. ನಾವು ಶಭಾಷ್ ಎಂದು ತೋರಿಸುವ ಹೆಬ್ಬೆರಳು ಇರಾನಿನಲ್ಲಿ ಬೈಗುಳ. ಅರಬರು ಹತ್ತಿರ ನಿಂತು ಮಾತಾಡುತ್ತಾರೆ, ಇಂಗ್ಲಿಷರು ದೂರ ನಿಲ್ಲುತ್ತಾರೆ. ಜಪಾನಿನವರು ಸೊಂಟ ಬಗ್ಗಿಸಿ ವಂದಿಸುತ್ತಾರೆ. ಹೀಗೆ ದೇಶಕ್ಕೊಂದು ಸಾಲು. ಕೊನೆಯ ಸಾಲು ನಮ್ಮದು: 'ಭಾರತೀಯ ಸಂಸ್ಕೃತಿಯಲ್ಲಿ ದೊಡ್ಡವರ ಮುಂದೆ ಕೈಮುಗಿಯುವುದು, ಕಣ್ಣು ತಗ್ಗಿಸುವುದು, ತಲೆ ಬಾಗಿ ನಿಲ್ಲುವುದು ಗೌರವದ ಸಂಕೇತ.'

ನಾನು ಎದ್ದು ನಿಂತು ಕೇಳಿದೆ: "ಸಾರ್, ಯಾರ ಮುಂದೆ ಯಾರು?"

ಅವರು ನಕ್ಕರು. "ಏನ್ ಮೇಷ್ಟ್ರೆ, ಕೈಕಾಲು ಆಡ್ಸೋದ್ರಲ್ಲೂ ಜಾತಿ ತರ್ತೀರಲ್ಲ!"

ಕೊಠಡಿಯೆಲ್ಲ ನಕ್ಕಿತು. ನಾನೂ ನಕ್ಕು, ತಲೆ ಕೆರೆದುಕೊಂಡು ಕೂತುಬಿಟ್ಟೆ. ಆ ತಲೆ ಕೆರೆದುಕೊಂಡದ್ದು ನನಗೆ ಯಾರು ಕಲಿಸಿದ್ದು ಎಂದು ಆವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಆ ಕೊಠಡಿಯಲ್ಲಿ ಹೇಳಲಾರದೆ ಹೋದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

1

ಮೊದಲು ಆ ಹಾಳೆಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಮೈ ಆಡುವ ಮಾತು ಜನರಿಂದ ಜನರಿಗೆ ಬೇರೆಯಾಗುತ್ತದೆ ಎಂಬುದು ಸುಳ್ಳಲ್ಲ. 1872ರಲ್ಲಿ ಡಾರ್ವಿನ್ ಮನುಷ್ಯರು ಮತ್ತು ಪ್ರಾಣಿಗಳು ಭಾವನೆಗಳನ್ನು ಹೇಗೆ ತೋರಿಸುತ್ತವೆ ಎಂಬುದರ ಮೇಲೆ ಪುಸ್ತಕ ಬರೆದ. ದೇಶದೇಶಗಳಲ್ಲಿದ್ದ ಪಾದ್ರಿಗಳಿಗೂ ಅಧಿಕಾರಿಗಳಿಗೂ ಪ್ರಶ್ನೆಪಟ್ಟಿ ಕಳಿಸಿ, ಅಳು, ಸಿಟ್ಟು, ಭಯಗಳು ಎಲ್ಲ ಮನುಷ್ಯರ ಮುಖದಲ್ಲೂ ಹೆಚ್ಚುಕಡಿಮೆ ಒಂದೇ ಥರ ಮೂಡುತ್ತವೆ ಎಂದು ತೀರ್ಮಾನಿಸಿದ. 1934ರಲ್ಲಿ ಫ್ರಾನ್ಸಿನ ಮಾರ್ಸೆಲ್ ಮೌಸ್ ಇನ್ನೊಂದು ದಿಕ್ಕಿನಿಂದ ಮಾತಾಡಿದ. ನಡೆಯುವುದು, ಈಜುವುದು, ಕೂರುವುದು ಕೂಡ ಸಮಾಜ ಕಲಿಸಿದ ವಿದ್ಯೆ ಎಂದ. ಆತ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ನರ್ಸುಗಳ ನಡಿಗೆ ನೋಡಿ, ಇದನ್ನು ಎಲ್ಲೋ ಕಂಡಿದ್ದೇನಲ್ಲ ಎಂದುಕೊಂಡನಂತೆ. ಕಂಡದ್ದು ಸಿನಿಮಾದಲ್ಲಿ. ಪ್ಯಾರಿಸ್ಸಿಗೆ ಮರಳಿ ನೋಡಿದರೆ ಅಲ್ಲಿನ ಹುಡುಗಿಯರೂ ಹಾಗೇ ನಡೆಯತೊಡಗಿದ್ದರು. 1952ರಲ್ಲಿ ಅಮೆರಿಕದ ರೇ ಬರ್ಡ್‌ವಿಸಲ್ ಇದನ್ನೇ ಒಂದು ಶಾಸ್ತ್ರ ಮಾಡಲು ಹೊರಟ. ಆಡುಮಾತಿನ ಹಾಗೆ ಮೈಮಾತನ್ನೂ ಮನುಷ್ಯ ತನ್ನ ಜನರಿಂದ ಕಲಿಯುತ್ತಾನೆ, ಎಲ್ಲ ಕಡೆಗೂ ಒಂದೇ ಅರ್ಥ ಕೊಡುವ ಸನ್ನೆ ಇಲ್ಲ ಎಂದು ವಾದಿಸಿದ.

ಈ ವಾದ ನಮಗೆ ಬೇಕಾದ ವಾದ. ಯಾಕೆಂದರೆ ಪುರೋಹಿತಶಾಹಿ ಇಷ್ಟು ಕಾಲ ಹೇಳಿಕೊಂಡು ಬಂದದ್ದು ಇದಕ್ಕೆ ತದ್ವಿರುದ್ಧ. ಹೊಲೆಯ ಮಾದಿಗನ ನಿಲುವು, ನಡಿಗೆ, ದನಿ ಎಲ್ಲ ಹುಟ್ಟಿನಿಂದ ಬಂದದ್ದು, ರಕ್ತದಲ್ಲೇ ಇರುವುದು ಎಂದು ಅದು ನಂಬಿಸಿತು. ಮೈಮಾತು ಕಲಿತದ್ದು ಎಂದಾದರೆ ಯಾರೋ ಅದನ್ನು ಕಲಿಸಿರಬೇಕು. ಕಲಿತದ್ದನ್ನು ಮರೆಯಲೂಬಹುದು.

ಇಲ್ಲಿಯವರೆಗೆ ಸರಿ. ತೊಡಕು ಶುರುವಾಗುವುದು ಎಡ್ವರ್ಡ್ ಹಾಲ್‌ನಿಂದ. ನಮಗೆ ಹಂಚಿದಂಥ ಹಾಳೆಗಳಿಗೆಲ್ಲ ಅವನೇ ಮೂಲಪುರುಷ. 1959ರಲ್ಲಿ 'ದಿ ಸೈಲೆಂಟ್ ಲಾಂಗ್ವೇಜ್', 1966ರಲ್ಲಿ 'ದಿ ಹಿಡನ್ ಡೈಮೆನ್ಷನ್' ಎಂಬ ಪುಸ್ತಕಗಳನ್ನು ಬರೆದ. ಮನುಷ್ಯ ಮನುಷ್ಯನಿಂದ ಎಷ್ಟು ದೂರ ನಿಲ್ಲುತ್ತಾನೆ ಎಂದು ಅಳೆದ. ಹದಿನೆಂಟು ಅಂಗುಲದೊಳಗೆ ಹೆಂಡತಿ ಮಕ್ಕಳು. ನಾಲ್ಕು ಅಡಿಯೊಳಗೆ ಸ್ನೇಹಿತರು. ನಾಲ್ಕರಿಂದ ಹನ್ನೆರಡು ಅಡಿಯವರೆಗೆ ವ್ಯವಹಾರ. ಅದರಾಚೆಗೆ ಸಭೆ, ಭಾಷಣ. ಇದು ಅಮೆರಿಕದ ಮಧ್ಯಮವರ್ಗದ ಬಿಳಿಯರ ಅಳತೆ, ಬೇರೆ ಜನರದು ಬೇರೆ ಎಂದು ಆತನೇ ಎಚ್ಚರಿಸಿದ. ಅಮೆರಿಕದ ನಗರಗಳ ಕಪ್ಪು ಜನರ ಇಕ್ಕಟ್ಟಿನ ಬದುಕಿನ ಬಗ್ಗೆಯೂ ಬರೆದ. ಒಳ್ಳೆಯ ಕಣ್ಣಿದ್ದ ಮನುಷ್ಯ.

ಆದರೆ ಹಾಲ್ ಪಾಠ ಹೇಳುತ್ತಿದ್ದದ್ದು ಯಾರಿಗೆ? ಅಮೆರಿಕ ಸರ್ಕಾರದ ವಿದೇಶಾಂಗ ಸೇವೆಯ ಸಂಸ್ಥೆಯಲ್ಲಿ, ಹೊರದೇಶಕ್ಕೆ ಹೋಗುವ ಅಧಿಕಾರಿಗಳಿಗೆ. ಅವರು ಅಲ್ಲಿ ಯಾರನ್ನು ಕಾಣುತ್ತಾರೆ? ಅಲ್ಲಿನ ಅಧಿಕಾರಿಗಳನ್ನು, ವ್ಯಾಪಾರಿಗಳನ್ನು. ಕೋಟು ತೊಟ್ಟವನು ಕೋಟು ತೊಟ್ಟವನನ್ನು ಕಾಣುವ ಭೇಟಿ ಅದು. ದಕ್ಷಿಣ ಅಮೆರಿಕದವನು ಮಾತಾಡುತ್ತ ಹತ್ತಿರ ಹತ್ತಿರ ಬರುತ್ತಾನೆ, ಉತ್ತರದವನು ಹಿಂದೆ ಹಿಂದೆ ಸರಿಯುತ್ತಾನೆ. ಇಬ್ಬರಿಗೂ ಮುಜುಗರ. ಆದರೆ ಹತ್ತಿರ ಬಂದದ್ದಕ್ಕೆ ಯಾರೂ ಯಾರನ್ನೂ ಕಂಬಕ್ಕೆ ಕಟ್ಟಿ ಹೊಡೆಯುವುದಿಲ್ಲ. ತಪ್ಪು ತಿಳಿವಳಿಕೆ ಎಂಬ ಮಾತು ಇಂಥ ಸರಿಸಮಾನರ ನಡುವೆ ನಿಲ್ಲುತ್ತದೆ. ಅದನ್ನು ತಂದು ನಮ್ಮ ಊರಿನ ಮೇಲೆ ಹೊದಿಸಿದರೆ ಊರೇ ಕಾಣದ ಹಾಗೆ ಆಗುತ್ತದೆ.

2

ನಮ್ಮಪ್ಪನ ಮೈ ನನಗೆ ಚೆನ್ನಾಗಿ ಗೊತ್ತು. ಗೌಡರ ಮನೆಗೆ ಹೋಗುವಾಗ ಮೆಟ್ಟನ್ನು ಬಾಗಿಲಲ್ಲಿ ಬಿಡುತ್ತಿರಲಿಲ್ಲ, ಬೀದಿಯ ತಿರುವಿನಲ್ಲಿದ್ದ ಹೊಂಗೆಮರದ ಬುಡದಲ್ಲೇ ಬಿಡುತ್ತಿದ್ದ. ತಲೆಗೆ ಸುತ್ತಿದ್ದ ಟವಲ್ಲು ಕಂಕುಳಿಗೆ ಬರುತ್ತಿತ್ತು. ಎಡಗೈ ಎದೆಗೆ, ಬಲಗೈ ತಲೆ ಕೆರೆಯಲು. ನೆಟ್ಟಗೆ ಎದುರಿಗೆ ನಿಲ್ಲದೆ ಒಂದು ಪಕ್ಕಕ್ಕೆ, ಓರೆಯಾಗಿ, ಯಾವಾಗ ಬೇಕಾದರೂ ಓಡಿಹೋಗಲು ತಯಾರಾದವನ ಹಾಗೆ ನಿಲ್ಲುತ್ತಿದ್ದ. "ಅಡ್ಡಬಿದ್ದೆ ಬುದ್ಧಿ" ಎನ್ನುವಾಗ ದನಿ ಹೆಂಗಸರ ದನಿಗಿಂತ ಸಣ್ಣಗಾಗುತ್ತಿತ್ತು. ಜಗಲಿಯ ಮೇಲಿಂದ ಬರುತ್ತಿದ್ದ ಮಾತು, "ಏನ್ಲಾ?"

ನನಗೆ ಎಂಟೊಂಬತ್ತು ವರ್ಷ. ಅದೇ ದಿನ ರಾತ್ರಿ ನಮ್ಮ ಹಟ್ಟಿಯಲ್ಲಿ ಮಾರಮ್ಮನ ಹಬ್ಬ. ಅಪ್ಪ ತಮಟೆ ಕಟ್ಟಿಕೊಂಡು ಕುಣಿಯುತ್ತಿದ್ದ. ಎದೆ ಇಷ್ಟಗಲ. ದನಿ ಊರಾಚೆಗೂ ಕೇಳುವಷ್ಟು. ಕಣ್ಣು ಎಲ್ಲರ ಕಣ್ಣಿನಲ್ಲೂ. ಬೆಳಿಗ್ಗೆ ಜಗಲಿ ಮುಂದೆ ನಿಂತಿದ್ದವನು ಬೇರೆ ಯಾರೋ ಎಂದು ನಾನು ನಿಜವಾಗಿ ನಂಬಿದ್ದೆ. ಈ ಎರಡು ಮೈಗಳಲ್ಲಿ ಯಾವುದು 'ಭಾರತೀಯ ಸಂಸ್ಕೃತಿ' ಸ್ವಾಮಿ? ಜಗಲಿ ಮೇಲೆ ಕಾಲು ಚಾಚಿ ಕೂತಿದ್ದ ಗೌಡರ ಮೈಯಾದರೂ ಯಾವ ಸಂಸ್ಕೃತಿ? ಒಂದೇ ಊರು, ಒಂದೇ ಕೆರೆ, ಒಂದೇ ಕನ್ನಡ. ಮೈಮಾತು ಮಾತ್ರ ಎರಡು. ಅದರಲ್ಲೂ ಒಂದು, ಇನ್ನೊಂದರ ಅಪ್ಪಣೆಯಿಂದ ಹುಟ್ಟಿದ್ದು.

ಹಾಲ್ ಅಂಗುಲದಲ್ಲಿ ಅಳೆದ ದೂರವನ್ನು ನಮ್ಮ ದೇಶ ಅವನಿಗಿಂತ ಎಷ್ಟೋ ಮೊದಲೇ ಹೆಜ್ಜೆಗಳಲ್ಲಿ ಅಳೆದಿತ್ತು. ಕೇರಳದಲ್ಲಿ ಪುಲಯರು ನಂಬೂದರಿಗಳಿಂದ ತೊಂಬತ್ತಾರು ಹೆಜ್ಜೆ ದೂರ ಇರಬೇಕೆಂಬ ಕಟ್ಟಳೆಯನ್ನು ದಾಖಲೆಗಳು ಹೇಳುತ್ತವೆ. ಪೇಶ್ವೆಗಳ ಕಾಲದ ಪುಣೆಯಲ್ಲಿ ಅಸ್ಪೃಶ್ಯ ತನ್ನ ಹೆಜ್ಜೆಗುರುತು ಅಳಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು, ಉಗುಳಲು ಕೊರಳಿಗೆ ಮಡಕೆ ತೂಗುಹಾಕಿಕೊಳ್ಳಬೇಕಿತ್ತು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಪುಣೆ ದೂರವಾಯಿತು ಎನ್ನುವವರು ನಮ್ಮ ತುಳುನಾಡಿಗೇ ಬನ್ನಿ. ಕೊರಗರಲ್ಲಿ 'ಅಂಡೆ ಕೊರಗ' ಎಂಬ ಹೆಸರೇ ಇತ್ತು. ಉಗುಳಲು ಕೊರಳಿಗೆ ಅಂಡೆ ಕಟ್ಟಿಕೊಂಡು ತಿರುಗಬೇಕಾದವರು ಅವರು. ಉಗುಳುವುದು ಕೂಡ ಬೇರೆಯವರ ನೆಲದ ಮೇಲೆ ಆಡುವ ಮಾತು ಎಂದು ತಿಳಿದಿದ್ದ ಸಮಾಜ ಇದು!

ಈ ಮೈಮಾತಿನ ನಿಘಂಟು ಬೇಕಾದರೆ ಮಾನವಶಾಸ್ತ್ರದ ಪುಸ್ತಕ ಹುಡುಕಬೇಡಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿ ಓದಿ. 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಬಲವಂತವಾಗಿ ತಲೆ ಬೋಳಿಸುವುದು, ಮೀಸೆ ತೆಗೆಯುವುದು ಅಪರಾಧ. ಚಪ್ಪಲಿ ಹಾರ ಹಾಕುವುದು ಅಪರಾಧ. ನಾಲ್ಕು ಜನರ ನಡುವೆ ಸೈಕಲ್ಲು, ಮೋಟಾರು ಸೈಕಲ್ಲು ಹತ್ತದಂತೆ, ಮೆಟ್ಟು ಮೆಟ್ಟದಂತೆ, ಹೊಸ ಬಟ್ಟೆ ತೊಡದಂತೆ, ಮದುವೆ ಮೆರವಣಿಗೆಯಲ್ಲಿ ಕುದುರೆ ಏರದಂತೆ ತಡೆಯುವುದು ಅಪರಾಧ. ನಡೆಯದ ಕೃತ್ಯಕ್ಕೆ ಯಾವ ಪಾರ್ಲಿಮೆಂಟೂ ಕಾಯಿದೆ ಮಾಡುವುದಿಲ್ಲ. ಇಪ್ಪತ್ತೊಂದನೆಯ ಶತಮಾನದಲ್ಲಿ, ಈ ದೇಶದಲ್ಲಿ, ಒಬ್ಬ ಮನುಷ್ಯ ತನ್ನ ಕಾಲು, ತಲೆ, ಮೂಗಿನ ಕೆಳಗಿನ ಕೂದಲನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದಕ್ಕೆ ಇನ್ನೊಬ್ಬನ ಅಪ್ಪಣೆ ಬೇಕಿತ್ತು ಎಂಬುದಕ್ಕೆ ಈ ಕಾಯಿದೆಯೇ ಸಾಕ್ಷಿ.

'ಸಂಸ್ಕೃತಿ' ಎಂಬ ಮಾತು ಇಲ್ಲಿ ಏನು ಕೆಲಸ ಮಾಡುತ್ತದೆ ನೋಡಿ. ಚಂದ್ರಗುತ್ತಿಯಲ್ಲಿ ಬಡ ಹೆಂಗಸರು ಬೆತ್ತಲಾಗಿ ಗುಡ್ಡ ಹತ್ತುವುದು ಸಂಸ್ಕೃತಿ ಎಂದರು. 1986ರಲ್ಲಿ ನಮ್ಮ ಸಂಗಾತಿಗಳು ಅದನ್ನು ತಡೆಯಲು ಹೋದಾಗ ಏಟು ತಿಂದರು. ಆಮೇಲಷ್ಟೇ ಸರ್ಕಾರ ನಿಷೇಧ ಹಾಕಿತು. ಬ್ರಾಹ್ಮಣರು ಉಂಡ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನವನ್ನೂ ಸಂಸ್ಕೃತಿ, ನಂಬಿಕೆ ಎಂದರು. 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕರ್ನಾಟಕ ಕಾಯಿದೆ ಮಾಡಿದಾಗ ಅದೂ ಸೇರಿತು. ಮೈಯನ್ನು ನೆಲಕ್ಕೆ ಕೆಡವುವ ಪದ್ಧತಿಗಳನ್ನೆಲ್ಲ ಸಂಸ್ಕೃತಿ ಎಂದು ಕರೆದವರು ಯಾರು ಎಂದು ಕೇಳಿದರೆ, ಉರುಳಿದವರಲ್ಲ, ಉಂಡು ಎದ್ದವರು.

3

ಇದು ಹಿಂದೂ ಸಮಾಜದ ರೋಗ ಮಾತ್ರ, ಬೇರೆ ಕಡೆ ಮೈಮಾತು ಬರೀ ಸಂಸ್ಕೃತಿಯೇ ಇರಬಹುದು ಎಂದು ಕೆಲವು ಗೆಳೆಯರು ಹೇಳಬಹುದು. ಹಾಲ್‌ನ ಸ್ವಂತ ದೇಶಕ್ಕೇ ಹೋಗೋಣ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿ ಹೋದ ಮೇಲೂ ಕಪ್ಪು ಮನುಷ್ಯ ಬಿಳಿಯನಿಗೆ ತಾನಾಗಿ ಕೈ ಚಾಚುವ ಹಾಗಿರಲಿಲ್ಲ. ಬಿಳಿಯ ಬಂದರೆ ಕಾಲುದಾರಿಯಿಂದ ಇಳಿದು ದಾರಿ ಬಿಡಬೇಕು. ಮನೆಗೆ ಹೋದರೆ ಹಿಂದಿನ ಬಾಗಿಲು. ಅರವತ್ತು ವರ್ಷದ ಕಪ್ಪು ಮುದುಕನನ್ನು ಬಿಳಿಯ ಹುಡುಗ 'ಬಾಯ್' ಎನ್ನುತ್ತಿದ್ದ. ನಮ್ಮ 'ಏನ್ಲಾ'ದ ಸ್ವಂತ ತಮ್ಮ ಇದು. ಬಿಳಿ ಹೆಂಗಸಿನ ಕಡೆ ಕಣ್ಣು ಹಾಯಿಸುವುದಂತೂ ಪ್ರಾಣಕ್ಕೇ ಸಂಚಕಾರ. 1951ರಲ್ಲಿ ಉತ್ತರ ಕೆರೊಲಿನಾದಲ್ಲಿ ಒಬ್ಬ ಕಪ್ಪು ಗೇಣಿದಾರ ಬಿಳಿ ಹುಡುಗಿಯೊಬ್ಬಳನ್ನು ದೂರದಿಂದ ಕೆಟ್ಟದಾಗಿ ನೋಡಿದ ಎಂದು ಕೇಸು ಹಾಕಿದರು. ಮುಟ್ಟಿಲ್ಲ, ಹತ್ತಿರ ಹೋಗಿಲ್ಲ. ಹಲ್ಲೆ ಎಂದು ಶಿಕ್ಷೆಯೂ ಆಯಿತು. 1953ರಲ್ಲಿ ಆ ರಾಜ್ಯದ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು.

1955ರಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಹುಡುಗ ಶಿಕಾಗೋದಿಂದ ಮಿಸಿಸಿಪಿಯ ನೆಂಟರ ಮನೆಗೆ ಹೋಗಿದ್ದ. ಅಂಗಡಿಯಲ್ಲಿದ್ದ ಬಿಳಿ ಹೆಂಗಸಿಗೆ ಸಿಳ್ಳೆ ಹಾಕಿದ ಎಂಬ ಆರೋಪ. ರಾತ್ರಿ ಎತ್ತಿಕೊಂಡು ಹೋಗಿ ಹಿಂಸಿಸಿ ಕೊಂದು ಹೊಳೆಗೆ ಎಸೆದರು. ಬಿಳಿಯರೇ ತುಂಬಿದ್ದ ಜ್ಯೂರಿ ಇಬ್ಬರು ಆರೋಪಿಗಳನ್ನೂ ಬಿಟ್ಟಿತು. ಮರುವರ್ಷ ಅವರೇ ಪತ್ರಿಕೆಯೊಂದಕ್ಕೆ ಕೊಂದದ್ದು ತಾವೇ ಎಂದು ಹೇಳಿಕೊಂಡರು. ನಮ್ಮ ಜೆರಾಕ್ಸ್ ಹಾಳೆಯ ಭಾಷೆಯಲ್ಲಿ ಇದನ್ನು ಹೇಗೆ ಬರೆಯಬೇಕು? 'ಶಿಕಾಗೋದ ಮೈಮಾತು, ಮಿಸಿಸಿಪಿಯ ಮೈಮಾತು ಬೇರೆ ಬೇರೆ. ಹುಡುಗನಿಗೆ ಸ್ಥಳೀಯ ಸಂಸ್ಕೃತಿಯ ಪರಿಚಯ ಇರಲಿಲ್ಲ' ಎಂದೇ? ಹಾಗೆ ಬರೆದರೆ ಒಂದಕ್ಷರವೂ ಸುಳ್ಳಿರುವುದಿಲ್ಲ, ಆದರೂ ಇಡೀ ಮಾತು ಸುಳ್ಳಾಗಿರುತ್ತದೆ.

ಜಪಾನಿನ ಬಾಗುವಿಕೆಯನ್ನೂ ಎಲ್ಲರೂ ಹೊಗಳುತ್ತಾರೆ. ಅಲ್ಲಿ ಒಬ್ಬ ಬಾಗಿದರೆ ಎದುರಿನವನೂ ಬಾಗುತ್ತಾನೆ, ಹೆಚ್ಚುಕಮ್ಮಿ ಇರಬಹುದು, ಅಷ್ಟೆ. ಆ ಮಟ್ಟಿಗೆ ಅದು ನಮ್ಮೂರಿಗಿಂತ ಮೇಲು. ಆದರೆ ಆ ಸಮಾಜದಲ್ಲೂ ಬುರಾಕುಮಿನ್ ಎಂಬ ಮುಟ್ಟಬಾರದವರು ಇದ್ದರು. 1922ರಲ್ಲಿ ಅವರು ಕ್ಯೋಟೊದಲ್ಲಿ ಸುಯ್‌ಹೇಯ್‌ಶಾ ಎಂಬ ಸಂಘ ಕಟ್ಟಿ ಸಮಾನತೆಗೆ ಹೋರಾಡಿದರು.

ಕಪ್ಪು ಜನರ ಚಿಂತಕ ಡು ಬಾಯ್ಸ್ 1903ರಲ್ಲೇ ಬರೆದಿದ್ದ: ಕಪ್ಪು ಮನುಷ್ಯ ತನ್ನನ್ನು ತಾನು ಬಿಳಿಯನ ಕಣ್ಣಿನಿಂದಲೂ ನೋಡಿಕೊಳ್ಳುತ್ತ ಎರಡು ಪ್ರಜ್ಞೆಗಳಲ್ಲಿ ಬದುಕುತ್ತಾನೆ ಎಂದು. ನಮ್ಮಪ್ಪನ ಎರಡು ಮೈಗಳು ನೆನಪಾಗುತ್ತವೆ. 1946ರಲ್ಲಿ ಬಾಬಾಸಾಹೇಬರು ಈ ಡು ಬಾಯ್ಸ್‌ಗೆ ಪತ್ರ ಬರೆದು, ನೀಗ್ರೋಗಳ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಎತ್ತಿಹೇಳಿದರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಬೂಟಿಲ್ಲದ ಕಾಲಲ್ಲಿ ಪದಕದ ಕಟ್ಟೆ ಹತ್ತಿ ಕಪ್ಪು ಗ್ಲೌಸಿನ ಮುಷ್ಟಿ ಎತ್ತಿದಾಗ, ಆ ಒಂದು ಕೈಗೆ ಯಾವ ಅನುವಾದವೂ ಬೇಕಾಗಲಿಲ್ಲ. 1972ರಲ್ಲಿ ಮುಂಬೈಯ ಹುಡುಗರು ಕಪ್ಪು ಪ್ಯಾಂಥರರ ಹೆಸರನ್ನೇ ತೆಗೆದುಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ದೇಶ ಬೇರೆ, ಭಾಷೆ ಬೇರೆ, ದೇವರು ಬೇರೆ. ಮೈ ಕಲಿತಿದ್ದ ಪಾಠ ಮಾತ್ರ ಒಂದೇ ಆಗಿತ್ತು.

4

ಈಗ ನಮ್ಮ ಸಾಹಿತ್ಯಕ್ಕೆ ಬರೋಣ. ಕನ್ನಡದ ದೊಡ್ಡ ಲೇಖಕರು ಈ ಮೈಯನ್ನು ಹೇಗೆ ನೋಡಿದರು?

ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಚೋಮನಿಗೆ ಸ್ವಂತ ಬೇಸಾಯ ಮಾಡುವ ಆಸೆ. ಎತ್ತುಗಳಿವೆ, ನೆಲ ಇಲ್ಲ. ಒಡೆಯ ಸಂಕಪ್ಪಯ್ಯನ ಅಂಗಳದಲ್ಲಿ ನಿಂತು ಕೇಳುವ ಚೋಮನ ಮೈಯಲ್ಲಿ ಮಾತು ಉಡುಗುತ್ತದೆ. ಆ ಮಾತೆಲ್ಲ ಗುಡಿಸಲಿಗೆ ಬಂದು ದುಡಿಯಲ್ಲಿ ಹೊರಡುತ್ತದೆ. ಕಾರಂತರಿಗೆ ಇದು ಕಂಡಿತ್ತು ಎಂಬುದು ದೊಡ್ಡ ಮಾತು. ಆದರೆ ಅವರು ಆ ಕೈಗೆ ದುಡಿ ಕೊಟ್ಟು ಬಾಗಿಲು ಮುಚ್ಚಿದರು. ಚೋಮನ ಸಿಟ್ಟು ಗೋಡೆಗೆ ಬಡಿದು, ಚೋಮನ ಜೊತೆಯಲ್ಲೇ ಸತ್ತಿತು. ನಮ್ಮ ವಿಮರ್ಶಕರು ಇದನ್ನು ದುರಂತ ಎಂದು ಕರೆದು ಕಣ್ಣೊರೆಸಿಕೊಂಡರು. 1975ರಲ್ಲಿ ಸಿನಿಮಾ ಬಂತು. ಚೋಮನಾದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಅಭಿನಯದ ಬಗ್ಗೆ ನನ್ನ ತಕರಾರಿಲ್ಲ. ಬಗ್ಗಿದ ಚೋಮನಿಗೆ ಕರಗಿದ ಪ್ರೇಕ್ಷಕ, ಚೋಮ ನೆಟ್ಟಗೆ ನಿಂತು ಕೇಳಿದ್ದರೆ ಕರಗುತ್ತಿದ್ದನೇ ಎಂಬುದು ನನ್ನ ಪ್ರಶ್ನೆ.

ನನ್ನ ಮಟ್ಟಿಗೆ ಆ ಕಾದಂಬರಿಯ ಅತಿ ದೊಡ್ಡ ಜಾಗ ಚೋಮನ ದುಡಿಯಲ್ಲ. ಚೋಮನ ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುವುದು. ದಡದಲ್ಲಿ ಜನ ಇದ್ದಾರೆ. ಮುಟ್ಟಬಾರದವನ ಮಗನನ್ನು ಮುಟ್ಟಿ ಎತ್ತುವ ಕೈ ಇಲ್ಲ. ಅಲ್ಲಿ ಕಾರಂತರು ಬರೆದದ್ದು ಮೇಲುಜಾತಿಯ ಮೈಮಾತು. ಕೈ ಚಾಚದಿರುವುದೂ ಕಲಿತ ವಿದ್ಯೆಯೇ. ನಮ್ಮ ಬಗ್ಗಿದ ಬೆನ್ನನ್ನು ಸಾವಿರ ಸಲ ಬರೆದ ಸಾಹಿತ್ಯ ಆ ಚಾಚದ ಕೈಯನ್ನು ಎಷ್ಟು ಸಲ ಬರೆದಿದೆ?

ಕುವೆಂಪು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಿಂಬಾವಿಯ ಹೊಲೆಯ ನಾಯಿಗುತ್ತಿ ಒಡೆಯರ ಮನೆಯಂಗಳದಲ್ಲಿ ಒಂದು ಮೈ, ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ಇನ್ನೊಂದು ಮೈ. ಕಾಡಿನಲ್ಲಿ ಅವನಿಗೆ ಯಾರ ಅಪ್ಪಣೆಯೂ ಬೇಡ. ತಿಮ್ಮಿಯನ್ನು ಹಾರಿಸಿಕೊಂಡು ಹೋಗುವಾಗ ಅವನ ಕಾಲಿಗೆ ಬರುವ ಬಲ ಜೀತದಾಳಿನ ಕಾಲಿನದಲ್ಲ. ನಮ್ಮಪ್ಪನ ಎರಡು ಮೈಗಳನ್ನು ಕನ್ನಡದಲ್ಲಿ ನಾನು ಮೊದಲು ಕಂಡದ್ದು ಗುತ್ತಿಯಲ್ಲಿ. ಆದರೂ ಗುತ್ತಿಯ ಸ್ವಾತಂತ್ರ್ಯ ಕಾಡಿನದು. ಊರಿನ ನಡುಬೀದಿಯಲ್ಲಿ ಅವನು ಆ ಮೈಯಲ್ಲಿ ನಡೆಯಲಾರ.

ಒಳಗಿನಿಂದ ನೋಡುವ ಕಣ್ಣು ಬಂದದ್ದು ದೇವನೂರ ಮಹಾದೇವರಿಂದ. 'ಒಡಲಾಳ'ದಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರಲ್ಲ, ಅಲ್ಲಿ ಯಾರ ಬೆನ್ನೂ ಬಗ್ಗಿಲ್ಲ. ಜಗಳ, ನಗು, ಹಸಿವು, ಬೆಂಕಿಯ ಬೆಳಕು. ಕಳೆದುಹೋದ ಹುಂಜಕ್ಕಾಗಿ ಸಾಕವ್ವ ಊರಿಗೇ ಶಾಪ ಹಾಕುವಾಗ ಅವಳ ಮೈ ರಾಣಿಯ ಮೈ. ಬೆಳಿಗ್ಗೆ ಪೋಲೀಸರು ಬಂದಾಗ ಮಾತ್ರ ಆ ಮೈಗಳು ಬದಲಾಗುತ್ತವೆ. ಬಗ್ಗುವುದು ಎಲ್ಲಿಂದ, ಯಾವ ಗಳಿಗೆಯಲ್ಲಿ ಒಳಗೆ ಬರುತ್ತದೆ ಎಂಬುದು ನಮ್ಮ ಕಣ್ಣೆದುರಿಗೇ ಆಗುತ್ತದೆ. ಸಿದ್ಧಲಿಂಗಯ್ಯನವರ 'ಊರುಕೇರಿ' ಶುರುವಾಗುವುದೂ ಒಂದು ಮೈಯಿಂದಲೇ. ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗ ಹೊತ್ತಿದ್ದಾರೆ, ಇನ್ನೊಬ್ಬ ಹಿಂದೆ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬ ಲೇಖಕನ ಅಪ್ಪ. ಇದನ್ನು ಬರೆಯುವಾಗ ಅವರು ಅಳುವುದಿಲ್ಲ. ಅಳದೆ ಹೇಳಿದ್ದರಿಂದಲೇ ಓದುವವನಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯುವುದಿಲ್ಲ.

5

ಇಷ್ಟು ಬರೆದು ಬೇರೆಯವರನ್ನೇ ಬೈದು ಮುಗಿಸಿದರೆ ಅದು ಅಪ್ರಾಮಾಣಿಕತೆ. ನಮ್ಮ ಹಟ್ಟಿಯೊಳಗಿನ ಮಾತೂ ಆಗಬೇಕು.

ಜಗಲಿ ಮುಂದೆ ಬಗ್ಗಿ ಬಂದ ನಮ್ಮಪ್ಪ ಮನೆಯಲ್ಲಿ ಜಗಲಿಯ ಗೌಡನ ಹಾಗೇ ಕೂರುತ್ತಿದ್ದ. ನಮ್ಮವ್ವ ಬಾಗಿಲ ಮರೆಯಲ್ಲಿ, ಸೆರಗು ಎಳೆದುಕೊಂಡು, ಕಣ್ಣು ತಗ್ಗಿಸಿ. ಅವಳಿಗೆ ಅಪ್ಪನ ಹಾಗೆ ಎರಡು ಮೈ ಕೂಡ ಇರಲಿಲ್ಲ. ಗೌಡರ ಹೊಲದಲ್ಲೂ ಅದೇ, ಮನೆಯಲ್ಲೂ ಅದೇ. ನಮ್ಮ ಸಭೆಗಳಲ್ಲೂ ನೋಡಿದ್ದೇನೆ. ವೇದಿಕೆಯ ಮೇಲೆ ಸಮಾನತೆಯ ಭಾಷಣ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಹೆಂಗಸರು, ಚಹಾ ಹಂಚಲು ಮಾತ್ರ ಅವರು ಮುಂದೆ ಬರುವುದು. ಇದನ್ನು ನಾವು ಏನೆಂದು ಕರೆಯುತ್ತೇವೆ? ನಮ್ಮ ಸಂಸ್ಕೃತಿ ಎಂದೇ?

ನೆಟ್ಟಗೆ ನಿಲ್ಲುವುದೆಂದರೆ ಗೌಡನ ಹಾಗೆ ಮೀಸೆ ತಿರುವುವುದು, ಕಾಲ ಮೇಲೆ ಕಾಲು ಹಾಕುವುದು ಎಂದು ತಿಳಿದ ಹುಡುಗರೂ ಇದ್ದಾರೆ. ಅವರನ್ನು ನಾನು ಸುಲಭವಾಗಿ ಬೈಯಲಾರೆ. 2017ರಲ್ಲಿ ಗುಜರಾತಿನ ಲಿಂಬೋದರಾ ಎಂಬ ಊರಿನಲ್ಲಿ ಮೀಸೆ ಬಿಟ್ಟದ್ದಕ್ಕೆ ದಲಿತ ಹುಡುಗರಿಗೆ ಹೊಡೆದರು. ಆಗ ಆ ಸೀಮೆಯ ಹುಡುಗರು ತಮ್ಮ ಫೋನುಗಳಲ್ಲಿ ಮೀಸೆಯ ಚಿತ್ರ ಹಾಕಿಕೊಂಡರು. ಮೀಸೆ ಅಲ್ಲಿ ಸೊಗಸಲ್ಲ, ಜವಾಬು. ಆದರೆ ಜವಾಬು ಕೊಟ್ಟ ಮೇಲೂ ಅದನ್ನೇ ಹಿಡಿದುಕೊಂಡು ಕೂತರೆ, ಒಡೆಯನ ಮೈಯನ್ನೇ ನಾವು ತೊಟ್ಟುಕೊಂಡ ಹಾಗಾಗುತ್ತದೆ. ಆ ಮೈಗೆ ಯಾವಾಗಲೂ ಎದುರಿಗೊಂದು ಬಗ್ಗಿದ ಮೈ ಬೇಕು. ಅದನ್ನು ಎಲ್ಲಿಂದ ತರುತ್ತೀರಿ? ಮನೆಯಿಂದಲೇ.

ಹೋರಾಟ ಕಲಿಸಿದ ಮೈಮಾತು ಬೇರೆ ಇದೆ. 1893ರಲ್ಲಿ ತಿರುವಾಂಕೂರಿನ ಅಯ್ಯನ್‌ಕಾಳಿ ರುಮಾಲು ಸುತ್ತಿ ಎತ್ತಿನಗಾಡಿ ಹತ್ತಿ ಪುಲಯರಿಗೆ ನಿಷೇಧವಿದ್ದ ರಸ್ತೆಯಲ್ಲಿ ಹೋದರು. 1927ರ ಮಾರ್ಚ್ 20ರಂದು ಮಹಾಡದ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ತುಂಬ ನೀರೆತ್ತಿ ಕುಡಿದರು. ಗಾಡಿ ಹತ್ತುವುದು, ನೀರು ಕುಡಿಯುವುದು. ಎರಡೂ ದಿನನಿತ್ಯದ ಕೆಲಸ. ಇವುಗಳಲ್ಲಿ ಯಾರನ್ನೂ ಬಗ್ಗಿಸುವ ಮಾತಿಲ್ಲ. ಇವತ್ತು ಊರೂರಿನ ಸರ್ಕಲ್ಲಿನಲ್ಲಿ ಬಾಬಾಸಾಹೇಬರು ಒಂದು ಕೈಯಲ್ಲಿ ಪುಸ್ತಕ ಹಿಡಿದು ಇನ್ನೊಂದು ಕೈಯ ಬೆರಳೆತ್ತಿ ನಿಂತಿದ್ದಾರೆ. ಆ ಬೆರಳಿಗೆ ಹೆದರಿ ತಮಿಳುನಾಡಿನ ಎಷ್ಟೋ ಊರುಗಳಲ್ಲಿ ಪ್ರತಿಮೆಗೆ ಕಬ್ಬಿಣದ ಪಂಜರ ಹಾಕಿಟ್ಟಿದ್ದಾರೆ. ಒಂದು ಎತ್ತಿದ ಬೆರಳಿಗೆ ಕಾವಲು ಬೇಕಾದ ದೇಶದಲ್ಲಿ 'ಕೈಕಾಲು ಆಡ್ಸೋದ್ರಲ್ಲೂ ಜಾತಿ ತರ್ತೀರಲ್ಲ' ಎಂದು ನನ್ನನ್ನು ಕೇಳುತ್ತಾರೆ.

6

ಈ ಪತ್ರಿಕೆ ಓದುವವರಲ್ಲಿ ಮೇಷ್ಟ್ರುಗಳು ಬಹಳ. ಅವರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ.

ನನ್ನ ತರಗತಿಯಲ್ಲಿ ಹಟ್ಟಿಯ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಬಲು ಚುರುಕು. ಒಂದು ದಿನ ತಪಾಸಣೆಗೆ ಬಂದ ಅಧಿಕಾರಿ ಅವಳನ್ನು ಎಬ್ಬಿಸಿ ಪ್ರಶ್ನೆ ಕೇಳಿದರು. ಅವಳು ನೆಲ ನೋಡುತ್ತ ನಿಂತಳು. "ಮುಖ ಎತ್ತಿ ಹೇಳಮ್ಮ" ಎಂದರು. ಎತ್ತಲಿಲ್ಲ. ಅವರು ಪುಸ್ತಕದಲ್ಲಿ 'ಆತ್ಮವಿಶ್ವಾಸದ ಕೊರತೆ' ಎಂದು ಬರೆದುಕೊಂಡು ಹೋದರು. ಆಮೇಲೆ ಕೇಳಿದೆ, ಯಾಕವ್ವಾ ಹೇಳಲಿಲ್ಲ ಅಂತ. "ನಮ್ಮವ್ವ ಏಳವ್ಳೆ ಸಾ, ದೊಡ್ಡೋರ ಮಕ ನೆಟ್ಟುಗೆ ನೋಡಬ್ಯಾಡ ಅಂತ. ನೋಡುದ್ರೆ ನಾಳೀಕೆ ಕೂಲಿಗ್ ಕರಿಯಾಕಿಲ್ವಂತೆ."

ಪಾಲ್ ಎಕ್‌ಮನ್ ಮತ್ತವನ ಜೊತೆಗಾರರು ಮಾಡಿದ ಒಂದು ಹೆಸರಾಂತ ಪ್ರಯೋಗ ಇದೆ. ಜಪಾನಿನ ಮತ್ತು ಅಮೆರಿಕದ ವಿದ್ಯಾರ್ಥಿಗಳಿಗೆ ನೋಡಲಾಗದಂಥ ಹಿಂಸೆಯ ಚಿತ್ರ ತೋರಿಸಿದರು. ಒಬ್ಬೊಬ್ಬರೇ ಇದ್ದಾಗ ಇಬ್ಬರ ಮುಖವೂ ಒಂದೇ ಥರ ಹಿಂಡಿತು. ಪ್ರಯೋಗ ಮಾಡುವವನು ಬಂದು ಜೊತೆಗೆ ಕೂತಾಗ ಜಪಾನಿನವರು ನಗೆಯ ಮುಖ ಹಾಕಿಕೊಂಡರು. ಇದನ್ನು ಜಪಾನಿನ ಸಂಸ್ಕೃತಿ ಎಂದು ಪುಸ್ತಕಗಳು ಬರೆದವು. ನಮ್ಮ ಹುಡುಗಿಯ ಮನೆಯಲ್ಲಿ ಮೂರು ತಲೆಮಾರಿನಿಂದ ಆ ಯಜಮಾನ ಎದ್ದು ಹೋಗಿಯೇ ಇಲ್ಲ. ಕೋಣೆಯಲ್ಲಿ ಕೂತೇ ಇದ್ದಾನೆ.

ಈಗ ಅನ್ಯಾಯ ನೋಡಿ. ಕಣ್ಣೆತ್ತಿದರೆ ಕೂಲಿ ಕಳೆಯುತ್ತಿದ್ದ ಸಮಾಜವೇ ಇವತ್ತು ಕಣ್ಣೆತ್ತದ್ದಕ್ಕೆ ಅಂಕ ಕಳೆಯುತ್ತದೆ. ಕೆಲಸದ ಸಂದರ್ಶನಕ್ಕೆ ಹೋದರೆ ಕಣ್ಣಲ್ಲಿ ಕಣ್ಣಿಟ್ಟು ನೋಡು, ಗಟ್ಟಿಯಾಗಿ ಕೈ ಕುಲುಕು, ನೆಟ್ಟಗೆ ಕೂರು ಎನ್ನುತ್ತದೆ. ಹಾಗೆ ಕೂರುವುದನ್ನು ಜಗಲಿಯ ಮೇಲೆ ಹುಟ್ಟಿನಿಂದಲೇ ಕಲಿತವನ ಪಕ್ಕದಲ್ಲಿ ನಮ್ಮ ಹುಡುಗಿಯನ್ನು ಕೂರಿಸಿ, ಇವಳಿಗೆ ವ್ಯಕ್ತಿತ್ವ ಸಾಲದು ಎನ್ನುತ್ತದೆ. ಆ ಜೆರಾಕ್ಸ್ ಹಾಳೆಯ ತಪ್ಪು ಇಂಥ ಕಡೆ ಬಂದು ಹೊಟ್ಟೆಯ ಮೇಲೆ ಹೊಡೆಯುತ್ತದೆ. ಭಯವನ್ನು ಗೌರವ ಎಂದು ಓದಿದವರು, ಅದೇ ಭಯವನ್ನು ದಡ್ಡತನ ಎಂದೂ ಓದುತ್ತಾರೆ.

ಏನು ಮಾಡಬೇಕು? ಕನ್ನಡಿ ಮುಂದೆ ನಿಲ್ಲಿಸಿ ಕೈ ಕುಲುಕುವುದನ್ನು ಕಲಿಸಿದರೆ ಸಾಲದು. ನಾನು ಮಾಡಿದ್ದು ಸಣ್ಣ ಕೆಲಸ. ಮಕ್ಕಳು ನಮಸ್ಕಾರ ಮಾಡಿದರೆ ನಾನೂ ಎರಡು ಕೈ ಎತ್ತಿ ನಮಸ್ಕಾರ ಮಾಡತೊಡಗಿದೆ. ತಲೆಯಾಡಿಸಿ ಸುಮ್ಮನಾಗುವುದನ್ನು ಬಿಟ್ಟೆ. ಜಪಾನಿನವರಿಂದ ಕಲಿಯುವುದಿದ್ದರೆ ಇದನ್ನು ಕಲಿಯಬೇಕು, ವಂದನೆಗೆ ಮರುವಂದನೆ. ಮುಂದಿನ ಬೆಂಚು ಎಲ್ಲರಿಗೂ ಸರದಿಯ ಮೇಲೆ ಎಂದು ಮಾಡಿದೆ. ಉತ್ತರ ಹೇಳುವವರು ಬೋರ್ಡಿನ ಹತ್ತಿರ ಬರಲಿ, ನಾನು ಅವರ ಜಾಗದಲ್ಲಿ ಕೂರುತ್ತೇನೆ ಎಂದೆ. ಮೊದಲು ಮಕ್ಕಳು ನಕ್ಕರು. ಸ್ಟಾಫ್ ರೂಮಿನಲ್ಲಿ ಇನ್ನೂ ಹೆಚ್ಚು ನಕ್ಕರು.

ಆರು ತಿಂಗಳು ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಬಡ್ಡಿ ಲೆಕ್ಕ ಹಾಕಿ ಮುಗಿಸಿ ತಿರುಗಿದರೆ ಆ ಹುಡುಗಿ ಎದ್ದು ನಿಂತಿದ್ದಾಳೆ. ನೆಲ ನೋಡುತ್ತಿಲ್ಲ. ಬೆರಳು ಬೋರ್ಡಿನ ಕಡೆಗಿದೆ.

"ಸಾ, ನೀವಾಕಿರೋ ಲೆಕ್ಕ ತೆಪ್ಪು."

ತಿರುಗಿ ನೋಡಿದೆ. ತಪ್ಪೇ ಆಗಿತ್ತು.